ಮೆಹಕರಕ್ಕೂ ಒಂದು ಸಮುದ್ರ ಕಚೇರಿ ಕೊಡಿ

ದೇಶದ ಸುತ್ತಲಿನ ಕಡಲಿನ ಆಳ ಅಳೆದು ನಕ್ಷೆ ಬರೆಯುವ ನೌಕಾಪಡೆಯ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ, ಹಿಮಾಲಯದ ಬುಡದಲ್ಲಿ. ನಾಳೆ ಅಲೆ ಎಷ್ಟು ಎತ್ತರ ಏಳುತ್ತದೆ, ದೋಣಿ ಇಳಿಸಬಹುದೋ ಇಲ್ಲವೋ ಎಂದು ಉಳ್ಳಾಲದ ಮೀನುಗಾರನಿಗೆ ತಿಳಿಸುವ ಇನ್‌ಕಾಯಿಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ಬಂದರು, ಅಲೆತಡೆ, ಕಡಲ್ಕೊರೆತಗಳ ಮಾದರಿಯನ್ನು ಮೊದಲು ತೊಟ್ಟಿಯಲ್ಲಿ, ಈಗ ಕಂಪ್ಯೂಟರಿನಲ್ಲೂ ಮಾಡಿ ನೋಡುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ 1916ರಲ್ಲಿ ಹುಟ್ಟಿದ್ದು. ಅದು ಇರುವುದು ಪುಣೆಯ ಖಡಕ್‌ವಾಸ್ಲಾದಲ್ಲಿ. ಈ ಮೂರು ಊರುಗಳಲ್ಲಿ ಯಾವುದಕ್ಕೂ ಉಪ್ಪುಗಾಳಿ ತಾಗುವುದಿಲ್ಲ.

ಅಲ್ಲಿ ಕೂತವರು ಕೆಲಸ ಚೆನ್ನಾಗಿಯೇ ಮಾಡುತ್ತಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇಷ್ಟೇ: ಸಮುದ್ರದಿಂದ ದೂರ ಇರುವುದೇ ಅರ್ಹತೆಯಾದರೆ ಭಾಲ್ಕಿ ತಾಲ್ಲೂಕಿನ ನಮ್ಮ ಮೆಹಕರವನ್ನು ಯಾಕೆ ಬಿಟ್ಟಿರಿ? ಪುಣೆಗೂ ಹೈದರಾಬಾದಿಗೂ ನಡುವೆ ನಾವಿದ್ದೇವೆ. ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಮೇಲಿದ್ದೇವೆ. ಯಾವ ಚಂಡಮಾರುತ ಬಂದರೂ ಕಡತ ಒದ್ದೆಯಾಗುವ ಭಯವಿಲ್ಲ. ನಮ್ಮಲ್ಲಿ ಕಡಲು ಕಾಣದವರೇ ಹೆಚ್ಚು, ಹಾಗಾಗಿ ಪಕ್ಷಪಾತದ ಪ್ರಶ್ನೆ ಬರುವುದಿಲ್ಲ. ಕಚೇರಿಗೆ ಜಾಗ ಬೇಕೆಂದರೆ ಸೋಯಾ ಕೊಯ್ದ ಹೊಲ ಬೇಕಾದಷ್ಟಿದೆ. ಕರೆಂಟು ಹೋಗುತ್ತದೆ, ನಿಜ. ಆದರೆ ಕರೆಂಟು ಹೋದಾಗ ಕಂಪ್ಯೂಟರಿನೊಳಗಿನ ಚಂಡಮಾರುತವೂ ನಿಲ್ಲುತ್ತದೆ, ಅದೊಂದು ಪರಿಹಾರವೇ.

ಬೀದರಿನವನಿಗೆ ಉಳ್ಳಾಲದ ಉಸಾಬರಿ ಯಾಕೆ ಎಂದು ಕೇಳುವವರಿಗೆ ಉತ್ತರ ಇದೆ, ಸ್ವಲ್ಪ ಕಾಯಬೇಕು. ಮೊದಲು ಈ ಕಂಪ್ಯೂಟರ್ ಮಾದರಿ ಅಂದರೆ ಏನು ಎಂಬುದನ್ನು ನೋಡಿಬಿಡೋಣ. ಯಾಕೆಂದರೆ ಕರಾವಳಿಯ ಬಗ್ಗೆ ಸುದ್ದಿಗೋಷ್ಠಿ ನಡೆದಾಗಲೆಲ್ಲ 'ವೈಜ್ಞಾನಿಕ ಅಧ್ಯಯನ' ಎಂಬ ಮಾತು ಬಂದೇ ಬರುತ್ತದೆ, ಮತ್ತು ಆ ಮಾತು ಬಂದ ಕೂಡಲೇ ಮುಂದಿನ ಪ್ರಶ್ನೆ ಕೇಳುವ ಬಾಯಿಗಳು ಮುಚ್ಚುತ್ತವೆ.

ನನಗೆ ಪಾಠ ಹೇಳಿದ್ದು ನಮ್ಮೂರಿನದೇ ಹುಡುಗ. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕಂಪ್ಯೂಟರಿನೊಳಗೆ ಅಲೆ ಎಬ್ಬಿಸುವ ನೌಕರಿ ಮಾಡುತ್ತಾನೆ. ಎಳ್ಳಮಾವಾಸ್ಯೆಗೆ ಬಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಮುಗಿಸಿ ಅಂಬಲಿಗೆ ಕೂತಾಗ ಲ್ಯಾಪ್‌ಟಾಪ್ ತೆಗೆದ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ನೀಲಿ ಅಂದರೆ ನೀರು, ಹಳದಿ ಅಂದರೆ ಮರಳು. ಹೊಲದ ಯಜಮಾನರಾದ ಕಾಕಾ ಇಣುಕಿ ನೋಡಿ ಮೊದಲು ಕೇಳಿದ್ದು, "ಇದ್ರಾಗ ನಮ್ಮೂರು ಎಲ್ಲದ ತಮ್ಮಾ?"

"ನಮ್ಮೂರು ಇದ್ರಾಗ ಇಲ್ರಿ ಕಾಕಾ. ಇದು ಉಳ್ಳಾಲ."

"ಹಂಗಾದ್ರ ನಮ್ಮೂರು ಎಲ್ಲೂ ಇಲ್ಲ ಅನ್ನು," ಅಂದವರು ಅಂಬಲಿಯ ತಂಬಿಗೆ ಎತ್ತಿಕೊಂಡರು.

ಹುಡುಗ ಹೇಳಿದ್ದು ಹೀಗೆ. ಚಂಡಮಾರುತದ ನಡುವೆ ವಾಯುಭಾರ ಕಡಿಮೆ. ಅದು ಒಂದು ಮಿಲಿಬಾರ್ ಇಳಿದರೆ ಕೆಳಗಿನ ಕಡಲು ಸುಮಾರು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಐವತ್ತು ಇಳಿದರೆ ಅರ್ಧ ಮೀಟರ್. ಇದು ಚಿಲ್ಲರೆ ಲೆಕ್ಕ. ದೊಡ್ಡ ಲೆಕ್ಕ ಗಾಳಿಯದು. ದಡದತ್ತ ಬೀಸುವ ಗಾಳಿ ನೀರನ್ನು ನೂಕಿ ರಾಶಿ ಹಾಕುತ್ತದೆ. ಕಡಲತಳ ಎಷ್ಟು ದೂರದವರೆಗೆ ಆಳವಿಲ್ಲದೆ ಚಾಚಿದೆಯೋ ರಾಶಿ ಅಷ್ಟು ಎತ್ತರ. ಅದಕ್ಕೇ ಬಂಗಾಳ ಕೊಲ್ಲಿಯ ದಡಗಳಲ್ಲಿ ನೀರು ಮನೆಗಳನ್ನೇ ಮುಳುಗಿಸುತ್ತದೆ, 1977ರಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಆದದ್ದು ಅದೇ. ನಮ್ಮ ಕರಾವಳಿಗೆ ಅಷ್ಟು ದೊಡ್ಡ ಉಬ್ಬರ ಬರುವುದಿಲ್ಲ. ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮಂಗಳೂರಿಗೆ ಕಾಲಿಡದೆ ದೂರದಿಂದಲೇ ಗುಜರಾತಿಗೋ ಒಮಾನಿಗೋ ಸಾಗುತ್ತವೆ, ಸಾಗುತ್ತಾ ಅಲೆಗಳನ್ನು ಮಾತ್ರ ಕಳಿಸಿಕೊಡುತ್ತವೆ. 2021ರ ಮೇ ತಿಂಗಳ ತೌಕ್ತೆ ಹಾಗೇ ಹೋಯಿತು. 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತುವ ಮೊದಲು ನಮ್ಮ ಕರಾವಳಿಯ ಆಚೆ ಹಾದುಹೋಯಿತು. ಅಷ್ಟಕ್ಕೇ ಉಳ್ಳಾಲದ ಪಕ್ಕದ ಸೋಮೇಶ್ವರ, ಉಚ್ಚಿಲದ ಬಟ್ಟಪ್ಪಾಡಿಗಳಲ್ಲಿ ರಸ್ತೆ, ಮನೆ, ತೆಂಗಿನಮರಗಳು ಕಡಲಿಗೆ ಹೋದವು.

ಇನ್ನು ಆ ನೀರು, ಆ ಅಲೆ ಸೇರಿ ಮರಳನ್ನು ಎಷ್ಟು ಒಯ್ಯುತ್ತವೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮುಗಳಲ್ಲಿ ಎಕ್ಸ್‌ಬೀಚ್ ಎಂಬುದು ಹೆಸರುವಾಸಿ. 2004–05ರಲ್ಲಿ ಅಮೆರಿಕದ ದಡಗಳನ್ನು ಚಂಡಮಾರುತಗಳು ಸಾಲಾಗಿ ಹೊಡೆದ ಮೇಲೆ ಅಲ್ಲಿನ ಸೇನೆಯ ಇಂಜಿನಿಯರುಗಳು ಹಣ ಕೊಟ್ಟರು, ಹಾಲೆಂಡಿನ ಡೆಲ್ಫ್ಟ್ ನಗರದ ವಿಜ್ಞಾನಿಗಳು ಬರೆದರು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ದಡವನ್ನು ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ ಎಷ್ಟು ನೀರು ಬಂತು, ಎಷ್ಟು ಮರಳು ಎದ್ದಿತು, ಎಷ್ಟು ಕೂತಿತು ಎಂದು ಕ್ಷಣ ಕ್ಷಣಕ್ಕೂ ಜಮಾ-ಖರ್ಚು ಬರೆಯುತ್ತದೆ. ನಮ್ಮ ಸಹಕಾರ ಸಂಘಗಳ ಲೆಕ್ಕಕ್ಕಿಂತ ಪಾರದರ್ಶಕ. ಮರಳಿನ ದಿಬ್ಬ ಹೇಗೆ ಕುಸಿಯುತ್ತದೆ ಎಂಬುದಕ್ಕೂ ಅದರಲ್ಲಿ ನಿಯಮವಿದೆ: ಒಣ ಮರಳು ಹತ್ತು ಅಡಿಗೆ ಹತ್ತು ಅಡಿ ಇಳಿಜಾರಿನವರೆಗೂ ತಡೆದುಕೊಳ್ಳುತ್ತದೆ, ನೆನೆದ ಮರಳು ಹತ್ತು ಅಡಿಗೆ ಮೂರು ಅಡಿಗಿಂತ ಕಡಿದಾದರೆ ಜಾರುತ್ತದೆ.

ಇಷ್ಟು ಕೇಳಿದ ಕಾಕಾ ನಕ್ಕುಬಿಟ್ಟರು. "ನಮ್ಮೂರ ಮಾಂಜ್ರಾ ನದಿ ದಂಡಿ ಹಂಗೇ ಬೀಳ್ತದ. ಒಣಗಿದ್ದಾಗ ನೆಟ್ಟಗ ನಿಲ್ತದ, ಬುಡ ನೆನದ್ರ ದಪ್ ಅಂತ ಕುಸೀತದ. ಇಷ್ಟು ಹೇಳ್ಲಿಕ್ಕ ಹಾಲೆಂಡ್ ಯಾಕ ಬೇಕಾಯ್ತು?"

ಹಾಲೆಂಡ್ ಯಾಕೆ ಬೇಕು ಅಂದರೆ, ಕಾಕಾ ಹೇಳಿದ್ದನ್ನು ಕಡತಕ್ಕೆ ಹಾಕಲು ಬರುವುದಿಲ್ಲ. ಬಣ್ಣದ ಚೌಕಗಳನ್ನು ಹಾಕಬಹುದು.

ಇನ್ನೊಂದು ಸಂಗತಿಯನ್ನು ಹುಡುಗ ಸ್ವಲ್ಪ ಸಂಕೋಚದಿಂದ ತೋರಿಸಿದ. ದಡದಲ್ಲಿ ಕಲ್ಲಿನ ಗೋಡೆ ಇದ್ದರೆ ಮಾದರಿಯಲ್ಲಿ ಆ ಚೌಕಗಳನ್ನು 'ಕೊರೆಯಲಾಗದ್ದು' ಎಂದು ಗುರುತು ಹಾಕಬಹುದು. ಆಮೇಲೆ ಎಂಥ ಅಲೆ ಬಂದರೂ ಆ ಚೌಕ ಕದಲುವುದಿಲ್ಲ. ಇಡೀ ಪ್ರೋಗ್ರಾಮಿನಲ್ಲಿ ಗಾಳಿ, ಅಲೆ, ಮರಳು ಯಾವುದನ್ನೂ ಅಳೆಯದೆ ನಂಬದ ಕಂಪ್ಯೂಟರು ಇದೊಂದು ಕಡೆ ಮಾತ್ರ ಕಣ್ಣು ಮುಚ್ಚಿ ನಂಬುತ್ತದೆ, ಗುತ್ತಿಗೆದಾರನನ್ನು. ಡೆಲ್ಫ್ಟ್‌ನವರು ಒಳ್ಳೆಯ ಜನ; ಗೋಡೆ ಎಂದು ಬಿಲ್ಲಾದದ್ದು ಗೋಡೆಯೇ ಆಗಿರುತ್ತದೆ ಎಂದು ಅಂದುಕೊಂಡಿದ್ದಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮುಂಚೆ ಸುರಿದ ಕಲ್ಲು ಮಳೆಗಾಲ ಮುಗಿಯುವುದರೊಳಗೆ ಮರಳಿನಲ್ಲಿ ಹೂತು ಹೋಗುತ್ತದೆ. ಅಲೆ ಗೋಡೆಗೆ ಬಡಿದು ವಾಪಸು ತಿರುಗುವಾಗ ಗೋಡೆಯ ಬುಡದ ಮರಳನ್ನೇ ಕಿತ್ತುಕೊಂಡು ಹೋಗುತ್ತದೆ, ಗೋಡೆ ತಾನು ಕಾಯಬೇಕಾದ ಜಾಗದಲ್ಲಿ ತಾನೇ ಗುಂಡಿ ತೋಡಿಕೊಂಡು ಇಳಿಯುತ್ತದೆ. ಮುಳುಗಿದ ಕಲ್ಲನ್ನು ತೂಗಿ ನೋಡುವ ತಕ್ಕಡಿ ಇಲ್ಲ. ಹತ್ತು ಲೋಡು ಹಾಕಿ ನೂರು ಲೋಡು ಎಂದರೂ ಸಾಕ್ಷಿ ಹೇಳುವುದು ಕಡಲು. ಅದು ಯಾವ ಲೋಕಾಯುಕ್ತಕ್ಕೂ ಹೇಳಿಕೆ ಕೊಟ್ಟಿಲ್ಲ. ರಸ್ತೆ ಕಾಮಗಾರಿಯಲ್ಲಿ ತಿಂದವರು ಡಾಂಬರು ಕಿತ್ತಾಗ ಸಿಕ್ಕಿಬೀಳುತ್ತಾರೆ. ಸಮುದ್ರಕ್ಕೆ ಕಲ್ಲು ಹಾಕುವುದರಷ್ಟು ಸುರಕ್ಷಿತ ಕಾಮಗಾರಿಯನ್ನು ಲೋಕೋಪಯೋಗಿ ಚರಿತ್ರೆ ಇನ್ನೂ ಕಂಡುಹಿಡಿದಿಲ್ಲ.

ಪ್ರೋಗ್ರಾಮಿನಲ್ಲಿ ಕಾಲವನ್ನು ಓಡಿಸುವ ಒಂದು ಗುಂಡಿಯೂ ಇದೆಯಂತೆ. ಅದರಲ್ಲಿ ಹತ್ತು ಎಂದು ಒತ್ತಿದರೆ ಒಂದು ಗಂಟೆಯ ಅಲೆಗೆ ಹತ್ತು ಗಂಟೆಯ ಕೊರೆತ ಲೆಕ್ಕವಾಗುತ್ತದೆ. ಮಾದರಿ ಬೇಗ ಮುಗಿಯುತ್ತದೆ. ಇದನ್ನು ನಮ್ಮ ಸಚಿವಾಲಯಕ್ಕೆ ಯಾರೂ ಅಳವಡಿಸಿದಂತಿಲ್ಲ. ಅಲ್ಲಿ ಗುಂಡಿ ಹಿಂದಕ್ಕೆ ತಿರುಗಿರುತ್ತದೆ, ಹತ್ತು ವರ್ಷದ ಕೊರೆತಕ್ಕೆ ಒಂದು ಸಭೆ.

ಉಳ್ಳಾಲದ ಕಥೆ ಚೌಕಗಳಿಂದ ಶುರುವಾದದ್ದಲ್ಲ. ನೇತ್ರಾವತಿ, ಗುರುಪುರ ನದಿಗಳು ಸೇರಿ ಬೆಂಗ್ರೆಗೂ ಉಳ್ಳಾಲಕ್ಕೂ ನಡುವೆ ಕಡಲಿಗೆ ಬೀಳುತ್ತವೆ. ಆ ಬಾಯಿಯ ಎರಡೂ ಬದಿಗೆ, ದೋಣಿಗಳು ಹೂಳಿಗೆ ಸಿಗದೆ ಓಡಾಡಲೆಂದು, 1990ರ ದಶಕದಲ್ಲಿ ಕಲ್ಲಿನ ಬ್ರೇಕ್‌ವಾಟರ್ ಚಾಚಿದರು. ದಡದುದ್ದಕ್ಕೂ ಮರಳು ಋತುವಿಗೆ ತಕ್ಕಂತೆ ಹೋಗುತ್ತಾ ಬರುತ್ತಾ ಇರುತ್ತದೆ; ಮಳೆಗಾಲದಲ್ಲಿ ಅಲೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಮಳೆ ತಗ್ಗಿದ ಮೇಲೆ ಮೆಲ್ಲಗೆ ವಾಪಸು ತಂದು ಹಾಸುತ್ತದೆ. ಕೈ ಅಡ್ಡ ಹಾಕಿದರೆ ಒಂದು ಬದಿಗೆ ತುಂಬುತ್ತದೆ, ಇನ್ನೊಂದು ಬದಿಗೆ ಖಾಲಿಯಾಗುತ್ತದೆ. ಬೆಂಗ್ರೆಯ ಬದಿಗೆ ತುಂಬಿತು, ಉಳ್ಳಾಲದ ಬದಿ ಬರಿದಾಯಿತು. ಬರಿದಾದಾಗ ಕಲ್ಲು ಹಾಕಿದರು. ಕಲ್ಲು ಹೂತಾಗ ಇನ್ನಷ್ಟು ಕಲ್ಲು ಹಾಕಿದರು. ಅದಾಗಿ ಎಷ್ಟೋ ವರ್ಷಕ್ಕೆ, 2010ರಲ್ಲಿ, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಸೇರಿ 25 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಒಪ್ಪಿದಾಗ ಅಧ್ಯಯನ, ಮಾದರಿ, ವಿನ್ಯಾಸ ಎಲ್ಲವೂ ಮರ್ಯಾದೆಯಿಂದ ಬಂದವು. ಕಲ್ಲು ಮೊದಲು, ಮಾದರಿ ಆಮೇಲೆ: ಲಗ್ನವಾಗಿ ತೊಟ್ಟಿಲು ತೂಗಿದ ಮೇಲೆ ಜಾತಕ ಕೂಡಿಸುವ ಕೆಲಸ. ಜಾತಕ ಕೂಡದಿದ್ದರೆ ಇನ್ನೇನು ಮಾಡಲಾಗುತ್ತದೆ, ಶಾಂತಿ ಮಾಡಿಸಬೇಕು. ನೀರೊಳಗೆ ರೀಫ್ ಎಂಬ ದಿಬ್ಬ, ದಡದ ಬಳಿ ಬರ್ಮ್ ಎಂಬ ಒಡ್ಡು, ಹಳೆಯ ಬ್ರೇಕ್‌ವಾಟರಿಗೆ ದುರಸ್ತಿ, ಹೀಗೆ ಶಾಂತಿಯಾಯಿತು.

ಫಲ ಸಿಗಲಿಲ್ಲ ಎಂದರೆ ತಪ್ಪಾದೀತು. ಬರ್ಮ್‌ಗಳ ನೆರಳಿನಲ್ಲಿದ್ದ ಉಳ್ಳಾಲದ ಕೆಲವು ಕಡೆ ಜನ ನಿದ್ದೆ ಮಾಡಿದರು. ಅಲೆಗೆ ಹಸಿವು ಮಾತ್ರ ಹಾಗೆಯೇ ಇತ್ತು; ಅದು ಸೋಮೇಶ್ವರಕ್ಕೂ ಉಚ್ಚಿಲಕ್ಕೂ ಹೋಗಿ ಕೂತಿತು ಎಂಬುದು ಅಲ್ಲಿಯವರ ಮಾತು. ಯೋಜನೆ ಯಶಸ್ವಿಯೇ ಎಂದು ಕೇಳಿದರೆ ಯೋಜನೆಯ ನಕ್ಷೆಯ ಒಳಗೆ ಹೌದು. ನಕ್ಷೆಯ ಹೊರಗೆ ಏನಾಯಿತು ಎಂದು ಕೇಳುವಂತಿಲ್ಲ, ಯಾಕೆಂದರೆ ಹೊರಗೆ ಚೌಕಗಳೇ ಇಲ್ಲ. 2022ರ ಮಳೆಗಾಲದಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಟ್ಟಪ್ಪಾಡಿಗೇ ಬಂದು 'ಸೀ ವೇವ್ ಬ್ರೇಕರ್' ಎಂಬ ಹೊಸ ತಂತ್ರಜ್ಞಾನ ತರುವ ಮಾತಾಡಿದರು. ಹೊಸ ಹೆಸರು ಬಂದರೆ ಹೊಸ ಅಂದಾಜುಪಟ್ಟಿ ಬರುತ್ತದೆ. ಅದೂ ಒಂದು ಬಗೆಯ ಉಬ್ಬರವೇ.

ಇಲ್ಲಿ ಸಣ್ಣದೊಂದು ಪಕ್ಕದಾರಿ. ಅಮೆರಿಕದ ಸ್ಯಾಲೆಂಜರ್ ಎಂಬ ವಿಜ್ಞಾನಿ 2000ದಲ್ಲಿ ಬಿರುಗಾಳಿಯ ಹೊಡೆತವನ್ನು ನಾಲ್ಕು ಹಂತ ಮಾಡಿದ: ಅಲೆ ದಡದಲ್ಲೇ ಆಡಿ ವಾಪಸಾಗುವುದು, ಮರಳದಿಬ್ಬದ ಬುಡಕ್ಕೆ ಬಡಿಯುವುದು, ದಿಬ್ಬ ದಾಟಿ ಚೆಲ್ಲುವುದು, ಎಲ್ಲ ಮುಳುಗುವುದು. ನಮ್ಮಲ್ಲಿ ಇದಕ್ಕಿಂತ ಸರಳವಾದ ಮಾಪನ ಬಳಕೆಯಲ್ಲಿದೆ. ತಹಶೀಲ್ದಾರರು ಬಂದರೆ ಒಂದನೆಯ ಹಂತ, ಜಿಲ್ಲಾಧಿಕಾರಿ ಬಂದರೆ ಎರಡು, ಉಸ್ತುವಾರಿ ಸಚಿವರು ಬಂದರೆ ಮೂರು. ಹೆಲಿಕಾಪ್ಟರ್ ಸದ್ದು ಕೇಳಿದರೆ ಎಲ್ಲ ಮುಳುಗಿದೆ ಎಂದರ್ಥ. ಯಾವ ಉಪಕರಣವೂ ಬೇಡ, ಕಿವಿ ಸಾಕು.

ಈಗ ಮೆಹಕರಕ್ಕೆ ಬರೋಣ, ಉತ್ತರ ಬಾಕಿ ಇದೆ.

ಮಾದರಿಯ ಚೌಕಗಳಿಗೆ ಎಲ್ಲೋ ಒಂದು ಕಡೆ ಅಂಚು ಬರಲೇಬೇಕು, ಇಡೀ ಸಮುದ್ರವನ್ನು ಕಂಪ್ಯೂಟರಿಗೆ ತುರುಕಲಾಗದು. ಅಂಚಿನ ಆಚೆ ಏನಿದೆ ಎಂಬುದನ್ನು ಊಹೆ ಮಾಡಿ ಹೇಳಬೇಕು. ಎಕ್ಸ್‌ಬೀಚಿನಲ್ಲಿ ಪಕ್ಕದ ಅಂಚುಗಳಿಗೆ ಸಾಮಾನ್ಯವಾಗಿ ಒಂದು ಸರಳ ಊಹೆ ಇಟ್ಟುಕೊಳ್ಳುತ್ತಾರೆ: ಅಂಚಿನಲ್ಲಿ ಹೇಗಿದೆಯೋ ಆಚೆಗೂ ಹಾಗೇ ಇದೆ. ಇದನ್ನು ಕೇಳಿ ನನಗೆ ಆ ಪ್ರೋಗ್ರಾಮಿನ ಮೇಲೆ ಪ್ರೀತಿ ಹುಟ್ಟಿತು. ಗಡಿಯಾಚೆಯವರೂ ನಮ್ಮ ಹಾಗೆಯೇ ಇದ್ದಾರೆ ಎಂದು ನಂಬುವ ಇನ್ನೊಂದು ವಸ್ತು ಭಾಲ್ಕಿಯಿಂದ ಬೆಳಗಾವಿವರೆಗೆ ಎಲ್ಲೂ ಸಿಕ್ಕಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಹಳೆಯ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದರು. ಉದಗೀರ, ನಿಲಂಗಾ ಆ ಕಡೆ ಹೋದವು. ಭಾಲ್ಕಿ, ಔರಾದ್ ಈ ಕಡೆ ಉಳಿದವು. ಜಹೀರಾಬಾದ್ ಇನ್ನೊಂದು ಕಡೆ. ಬೀಗರು ಆಚೆ, ಹೊಲ ಈಚೆ. ಹಂಚಿದವರು ಮಾಂಜ್ರಾಕ್ಕೆ ತಿಳಿಸುವುದನ್ನು ಮರೆತರು. ಅದು ಬೀಡ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟಿ ಗಡಿ ನೋಡದೆ ಬರುತ್ತದೆ, ಗಡಿ ನೋಡದೆ ತೆಲಂಗಾಣಕ್ಕೆ ಹೋಗುತ್ತದೆ.

2025ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಮಹಾರಾಷ್ಟ್ರದ ಧನೇಗಾಂವ ಜಲಾಶಯ ತುಂಬಿತು, ಗೇಟು ಎತ್ತಿದರು. ಭಾಲ್ಕಿ, ಔರಾದ್, ಕಮಲನಗರದ ಹೊಲಗಳಲ್ಲಿ ಕೊಯ್ಲಿಗೆ ಬಂದ ಸೋಯಾ, ಉದ್ದು ನೀರಿನಲ್ಲಿ ನಿಂತವು. ಸೆಪ್ಟೆಂಬರ್ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಲ್ಯಾಣದ ಜಿಲ್ಲೆಗಳ ಮೇಲೆ ವೈಮಾನಿಕ ಸಮೀಕ್ಷೆ ಮಾಡಿದರು. ಅಂದರೆ ನಾಲ್ಕನೆಯ ಹಂತ. ಆಕಾಶದಿಂದ ನೋಡಿದರೆ ಒಂದು ಅನುಕೂಲ, ನೀರು ನಿಂತದ್ದು ಕಾಣುತ್ತದೆ. ದಂಡೆ ಕುಸಿದದ್ದು ಕಾಣುವುದಿಲ್ಲ. ಹೊಲದ ಅಂಚಿನ ಎರಡು ಗುಂಟೆ, ಬೇವಿನ ಮರ, ಅದರಡಿಯ ಮೋಟಾರು, ಪೈಪು ಯಾವತ್ತು ಹೋದವು ಎಂಬುದು ಹೊಲದವನಿಗೆ ಗೊತ್ತು. ಸಾವಿರ ಅಡಿ ಮೇಲಿನಿಂದ ಅದೆಲ್ಲ ಒಂದೇ ಕಂದು ಬಣ್ಣ.

ಉಚ್ಚಿಲದವರಿಗೂ ಮೆಹಕರದವರಿಗೂ ಈ ವಿಷಯದಲ್ಲಿ ನೆಂಟಸ್ತಿಕೆ ಆಗುವುದು ಇಲ್ಲಿ. ಎರಡೂ ಕಡೆ ನೀರು ಅಂಚಿನಾಚೆಯಿಂದ ಬರುತ್ತದೆ, ಮಣ್ಣು ಅಂಚಿನಾಚೆಗೆ ಹೋಗುತ್ತದೆ, ನಡುವೆ ಕೂತು ಲೆಕ್ಕ ಹಾಕುವವನು 'ನನ್ನ ಚೌಕದೊಳಗೆ ಎಲ್ಲ ಸರಿಯಿದೆ' ಅನ್ನುತ್ತಾನೆ. ಕಂಪ್ಯೂಟರಿಗೆ ಅಂಚು ಅನಿವಾರ್ಯ, ಅದು ಅದನ್ನು ವರದಿಯಲ್ಲಿ ಬಾಯಿಬಿಟ್ಟು ಹೇಳುತ್ತದೆ, ಇಂತಿಂಥ ಊಹೆ ಮಾಡಿದ್ದೇನೆ ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿ ಇರುವ ಪುಟ ಕಡತ ಮೇಲೇರುವಾಗ ಎಲ್ಲೋ ಉದುರಿಹೋಗುತ್ತದೆ. ಮಂತ್ರಿಗಳ ಟೇಬಲ್ಲಿಗೆ ತಲುಪುವಷ್ಟರಲ್ಲಿ 'ಹೀಗಾದರೆ ಹೀಗಾಗಬಹುದು' ಎಂಬುದು 'ಹೀಗೇ ಆಗುತ್ತದೆ' ಎಂದಾಗಿರುತ್ತದೆ. ಆಮೇಲೆ ಹಾಗಾಗದಿದ್ದರೆ ಬೈಗುಳ ಮಾದರಿಗೆ.

ಮರಳಿನ ಲೆಕ್ಕದಲ್ಲಿ ಇನ್ನೂ ತಮಾಷೆ ಇದೆ. ದಡಕ್ಕೆ ಮರಳು ಒದಗಿಸುವುದು ನದಿ. ವರ್ಷಕ್ಕೆ ಎಷ್ಟು ಮರಳು ನದಿಯಿಂದ ಬರುತ್ತದೆ ಎಂದು ಮಾದರಿಗೆ ಹೇಳಬೇಕು. ಹುಡುಗನನ್ನು ಕೇಳಿದೆ, ರಾತ್ರಿ ಲಾರಿಯಲ್ಲಿ ಹೋಗುವ ಮರಳನ್ನು ಯಾವ ಕಾಲಮಿನಲ್ಲಿ ಬರೆಯುತ್ತೀರಿ ಎಂದು. "ಅದಕ್ಕ ಡೇಟಾ ಇಲ್ರಿ," ಅಂದ. ಡೇಟಾ ಇಲ್ಲದ್ದು ಸೊನ್ನೆ. ಹಾಗಾಗಿ ಕಂಪ್ಯೂಟರಿನೊಳಗಿನ ನೇತ್ರಾವತಿಯಲ್ಲಿ ಲಾರಿ ಇಳಿಯುವುದಿಲ್ಲ, ಜೆಸಿಬಿ ಇಲ್ಲ, ಪಾಸು ಇಲ್ಲ, ಪಾಸಿನ ಜೆರಾಕ್ಸೂ ಇಲ್ಲ. ಅಷ್ಟು ಪರಿಶುದ್ಧ ನದಿ ಭೂಮಿಯ ಮೇಲೆ ಕೃತಯುಗದಲ್ಲೂ ಹರಿದಿರಲಾರದು. ಕಡಲು ಮಾತ್ರ ಲಾರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬರಬೇಕಾದ ಮರಳು ಬರದಿದ್ದರೆ ದಡದಲ್ಲಿದ್ದದ್ದನ್ನೇ ವಸೂಲಿ ಮಾಡುತ್ತದೆ, ಅದಕ್ಕೆ ನೋಟಿಸ್ ಕಳಿಸುವ ಪದ್ಧತಿ ಇಲ್ಲ.

ನಮ್ಮ ಮಣ್ಣಿನದೂ ಇದೇ ಗತಿ. ಮೆಹಕರದ ದಂಡೆಯಿಂದ ಕುಸಿದ ಕರಿಮಣ್ಣು ಮಾಂಜ್ರಾದಲ್ಲಿ ಇಳಿದು, ಗೋದಾವರಿ ಸೇರಿ, ಆಂಧ್ರದ ಮುಖಜಭೂಮಿಗೆ ಹೋಗಿ ಅಲ್ಲಿಯ ದಡ ಕಟ್ಟಬೇಕು, ಭೂಗೋಳದ ಪುಸ್ತಕದ ಪ್ರಕಾರ. ದಾರಿಯಲ್ಲಿ ನಿಜಾಮಸಾಗರವಿದೆ. 1931ರಲ್ಲಿ ಮುಗಿದ ಆ ಜಲಾಶಯ ಕೆಲವೇ ದಶಕಗಳಲ್ಲಿ ಅರ್ಧಕ್ಕೂ ಹೆಚ್ಚು ಸಾಮರ್ಥ್ಯವನ್ನು ಹೂಳಿಗೆ ಕಳೆದುಕೊಂಡಿತು. ಆ ಹೂಳಿನಲ್ಲಿ ನಮ್ಮ ಅಜ್ಜಂದಿರ ಹೊಲವೂ ಇದೆ. ಅದಕ್ಕೂ ಮೇಲೆ ಸಿಂಗೂರು, ಅದಕ್ಕೂ ಕೆಳಗೆ ಶ್ರೀರಾಮಸಾಗರ. ಹೀಗೆ ಮೇಲಿನವರೆಲ್ಲ ಮಣ್ಣು ಹಿಡಿದಿಟ್ಟುಕೊಂಡ ಮೇಲೆ ಗೋದಾವರಿಯ ಮುಖದಲ್ಲಿ ದಡ ಹಿಂದೆ ಸರಿಯುತ್ತಿದೆ ಎಂದು ವಿಜ್ಞಾನಿಗಳು ಎರಡು ದಶಕಗಳಿಂದ ಬರೆಯುತ್ತಿದ್ದಾರೆ. ಕಾಕಿನಾಡದ ಪಕ್ಕದ ಉಪ್ಪಾಡದಲ್ಲಿ ಕಡಲು ರಸ್ತೆ ತಿನ್ನುವುದು ಸುದ್ದಿಯೂ ಆಗದಷ್ಟು ಹಳೆಯದಾಗಿದೆ. ಆ ಸಮುದ್ರ ಕೊರೆತಕ್ಕೆ ನಿಜವಾದ ಮಾದರಿ ಮಾಡುವವನು ತನ್ನ ಚೌಕಗಳನ್ನು ಉಪ್ಪಾಡದಿಂದ ಎಳೆಯುತ್ತಾ ಎಳೆಯುತ್ತಾ ನಮ್ಮ ಹೊಲದ ಬದುವಿನವರೆಗೂ ತರಬೇಕು. ಕಾಕಾ ಕೇಳಿದ 'ನಮ್ಮೂರು ಎಲ್ಲದ' ಎಂಬ ಪ್ರಶ್ನೆ ಅಷ್ಟೇನೂ ದಡ್ಡ ಪ್ರಶ್ನೆಯಾಗಿರಲಿಲ್ಲ.

ಮಾದರಿ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವ ಒಂದು ಅಂಕವೂ ಇದೆ. ಬಿರುಗಾಳಿಯ ನಂತರ ದಡವನ್ನು ಅಳೆದು, ಮಾದರಿ ಹೇಳಿದ್ದರ ಜೊತೆ ಹೋಲಿಸುತ್ತಾರೆ. ಪೂರ್ತಿ ಸರಿಯಾದರೆ ಒಂದು. 'ಏನೂ ಬದಲಾಗುವುದಿಲ್ಲ, ನಿನ್ನೆ ಇದ್ದ ಹಾಗೇ ನಾಳೆಯೂ ಇರುತ್ತದೆ' ಎಂದು ಸುಮ್ಮನೆ ಕೂತವನಷ್ಟೇ ಸರಿಯಾದರೆ ಸೊನ್ನೆ. ಸುಮ್ಮನೆ ಕೂತವನಿಗಿಂತಲೂ ಹಾಳಾದರೆ ಸೊನ್ನೆಗಿಂತ ಕೆಳಗೆ. ಇದು ವಿಜ್ಞಾನಿಗಳು ತಮಗೆ ತಾವೇ ಹಾಕಿಕೊಂಡ ಪರೀಕ್ಷೆ. ಫೇಲಾದದ್ದನ್ನೂ ಅಚ್ಚು ಹಾಕಿಸುತ್ತಾರೆ, ಅಷ್ಟು ಮಾನವಂತರು. ಮಾದರಿಗೆ ಕೊಡುವ ಈ ಪರೀಕ್ಷೆಯನ್ನು ತಡೆಗೋಡೆಗೂ ಕೊಡಿ, ಗೋಡೆ ಕಟ್ಟದೆ ಬಿಟ್ಟಿದ್ದರೆ ದಡ ಎಲ್ಲಿರುತ್ತಿತ್ತು ಎಂದು ಹೋಲಿಸಿ ಗುತ್ತಿಗೆದಾರನ ಬಿಲ್ಲಿನ ಮೇಲೆ ಅಂಕ ಬರೆಯಿರಿ ಎಂದರೆ ಮಾತ್ರ ವಿಜ್ಞಾನ ಬೇಡವಾಗುತ್ತದೆ.

'ಏನೂ ಬದಲಾಗುವುದಿಲ್ಲ' ಎನ್ನುವ ಸೊನ್ನೆ ಅಂಕದ ಮಾದರಿ ಬರೀ ಉದಾಹರಣೆಗೆ ಇಟ್ಟದ್ದು ಎಂದುಕೊಂಡಿದ್ದೆ. ಅದು ಕರ್ನಾಟಕದ ಎಲ್ಲ ತಾಲ್ಲೂಕು ಕಚೇರಿಗಳಲ್ಲೂ ಹಗಲಿಡೀ ಓಡುತ್ತಿದೆ. ಅದರ ಹೆಸರು ಪಹಣಿ. ನದಿ ದಂಡೆ ತಿಂದರೂ ಪಹಣಿಯಲ್ಲಿ ಗುಂಟೆ ಕಡಿಮೆಯಾಗುವುದಿಲ್ಲ. ಕಡಲು ತೋಟ ನುಂಗಿದರೂ ಪಹಣಿಯಲ್ಲಿ ತೆಂಗು ಫಲ ಕೊಡುತ್ತಲೇ ಇರುತ್ತದೆ. ದೇಶದ ದಡಗಳಲ್ಲಿ 1990ರಿಂದ 2018ರವರೆಗೆ ಶೇ 33.6ರಷ್ಟು, ಕರ್ನಾಟಕದ ದಡದಲ್ಲಿ ಶೇ 23.7ರಷ್ಟು ಕೊರೆತಕ್ಕೆ ಸಿಕ್ಕಿದೆ ಎಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಉಪಗ್ರಹ ಚಿತ್ರ ಇಟ್ಟು ಹೇಳಿದೆ. ಉಪಗ್ರಹ ಏನು ಬೇಕಾದರೂ ಹೇಳಲಿ, ಪಹಣಿ ಒಪ್ಪಬೇಕಲ್ಲ. 15ನೇ ಹಣಕಾಸು ಆಯೋಗ ನದಿ, ಕಡಲು ಎರಡರ ಕೊರೆತವನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ತಡೆಯಲು 1,500 ಕೋಟಿ, ಜಾಗ ಕಳೆದುಕೊಂಡವರನ್ನು ಬೇರೆಡೆ ನೆಲೆಗೊಳಿಸಲು 1,000 ಕೋಟಿ ಎಂದು ಬರೆಯಿತು. ಒಳ್ಳೆಯ ಮಾತು. ಆದರೆ ಜಾಗ ಕಳೆದುಕೊಂಡಿದ್ದೇನೆ ಎಂದು ತೋರಿಸಲು ಕಾಗದ ಬೇಕು, ಕಾಗದದಲ್ಲಿ ಜಾಗ ಭದ್ರವಾಗಿದೆ.

ಹೋದ ಮಳೆಗಾಲದ ನಂತರ ಕಾಕಾ ಹೊಲದ ದಂಡೆಗೆ ಹೋದದ್ದು ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡಿಸಲಿಕ್ಕೆ. ಸಮೀಕ್ಷೆಯ ನಿಯಮ ಏನೆಂದರೆ ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೋ ತೆಗೆಯಬೇಕು, ಹೊರಗೆ ನಿಂತರೆ ಆ್ಯಪ್ ಒಪ್ಪುವುದಿಲ್ಲ. ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ದಂಡೆಯ ತುದಿಗೆ ಹೋದ. ಆ್ಯಪ್ ನಕ್ಷೆ ಬಿಚ್ಚಿತು. ಕಾಕಾರ ಗಡಿ ಇನ್ನೂ ಹದಿನೈದು ಹೆಜ್ಜೆ ಮುಂದೆ, ಕೆಂಪು ಗೆರೆಯಾಗಿ, ಮಾಂಜ್ರಾದ ನಡುವೆ ಹರಿಯುತ್ತಿತ್ತು.

"ಇಲ್ಲಿ ಬೆಳಿ ಏನ್ರಿ ಕಾಕಾ ಬರೀಬೇಕು?" ಅಂತ ಹುಡುಗ ಕೇಳಿದ.

"ಹೋದ ವರ್ಷ ಏನದ?"

"ಸೋಯಾ ಅದ."

"ಮತ್ತ ಸೋಯಾನೇ ಬರಿ. ಇಳಿ, ಇಳಿ, ಸೊಂಟದ ಮಟ ಅದ ನೀರು. ಮೊಬೈಲ್ ಅಷ್ಟು ಮ್ಯಾಲ ಹಿಡಿ."